ಒತ್ತುವ ಬೆರಳನ್ನು ನೋಡುವಾಕೆ

ನಮ್ಮ ಮೇಲಿನ ಮನೆಯಾಕೆಗೆ ಯಾವ ಕಂಪನಿಯಲ್ಲೂ ಕಾಯಂ ಕೆಲಸವಿಲ್ಲ. ಕರೆದವರ ಮೊಬೈಲ್ ಆ್ಯಪನ್ನು ಜನ ಹೇಗೆ ಬಳಸುತ್ತಾರೆಂದು ಕೂತು ನೋಡಿ, ಅವರು ಎಡವುವ ಕಡೆ ತಿದ್ದಿಕೊಡುವುದೇ ಕಸುಬು. ಲಿಫ್ಟಿನಲ್ಲಿ ಸಿಕ್ಕರೂ ನಮ್ಮ ಮುಖ ನೋಡುವುದಿಲ್ಲ, ಬೆರಳು ನೋಡುತ್ತಾರೆ. ಎಳೆಯಬೇಕಾದ ಬಾಗಿಲನ್ನು ಯಾರಾದರೂ ತಳ್ಳಿದರೆ ನಿಧಿ ಸಿಕ್ಕಂತೆ ಹಿಗ್ಗಿ, "ಯಾಕೆ ತಳ್ಳಿದ್ರಿ?" ಎಂದು ಬೆನ್ನು ಹತ್ತುತ್ತಾರೆ. ಸ್ವಂತ ಗಂಡ ಹೊಸ ವಾಷಿಂಗ್ ಮೆಷೀನಿನ ಮುಂದೆ ಕಾಲು ಗಂಟೆ ಪರದಾಡಿದರೂ ಪಕ್ಕದಲ್ಲೇ ನಿಂತು ಟಿಪ್ಪಣಿ ಬರೆದುಕೊಂಡ ಮಹಾತಾಯಿ. "ಹೇಳ್ಬಾರ್ದೇನೇ?" ಎಂದು ಆತ ಗೋಗರೆದರೆ, "ಹೇಳಿದ್ರೆ ಮೆಷೀನಿನ ತಪ್ಪು ಮುಚ್ಚಿಹೋಗುತ್ತೆ ಕಣ್ರೀ" ಎಂಬ ಉತ್ತರ. ಮೊನ್ನೆ ಮಕ್ಕಳ ಔಷಧಿಯ ಪ್ರಮಾಣ ಹೇಳುವ ಆ್ಯಪ್ ಹಿಡಿದು ನನ್ನನ್ನೇ ಕೂರಿಸಿದರು. ನನ್ನ ಮಗುವಿನ ತೂಕ ಒಂಬತ್ತು ಕಿಲೋ ಎಂದು ಹಾಕುವಲ್ಲಿ ನಾನು ಅದರ ವಯಸ್ಸಿನ ತಿಂಗಳು, ಹದಿನೆಂಟನ್ನು ಒತ್ತಿಬಿಟ್ಟೆ. ಪರದೆ ತಕರಾರಿಲ್ಲದೆ ಎರಡರಷ್ಟು ಔಷಧಿ ತೋರಿಸಿತು. ನಾನು ಗಾಬರಿಯಿಂದ ಫೋನನ್ನೇ ದೂರ ತಳ್ಳಿದೆ. "ತಪ್ಪು ನಿಮ್ಮದಲ್ಲ, ಪರದೆಯದು" ಎಂದು ಅವರು ಅಲ್ಲಿಂದಲೇ ಆ ಆ್ಯಪ್ ಕಂಪನಿಯವನಿಗೆ ಫೋನ್ ಹಚ್ಚಿ, ಇದನ್ನು ವರದಿಯಲ್ಲಿ ಬರೆಯುವುದಾಗಿ ಹೇಳಿದರು. "ಒಬ್ಬ ತಾಯಿ ಗಾಬರಿಬಿದ್ರೆ ಅದು ವರದಿಗ್ಯಾಕೆ ಮೇಡಂ? ಬಿಟ್ಬಿಡಿ. ಇಲ್ಲಾಂದ್ರೆ ಮುಂದಿನ ಕೆಲಸ ಬೇರೆಯವರಿಗೆ ಹೋಗುತ್ತೆ" ಎಂದನಾತ. ಇವರು ದನಿ ಏರಿಸಲಿಲ್ಲ. "ಈ ಆ್ಯಪ್ ನೋಡೋರೆಲ್ಲ ಗಾಬರಿಯಲ್ಲೇ ಇರ್ತಾರೆ ಸರ್. ಮಗು ಆರಾಮಾಗಿದ್ರೆ ಯಾರು ನೋಡ್ತಾರೆ? ಇದನ್ನ ವರದಿಯ ಮೊದಲ ಪುಟಕ್ಕೇ ಹಾಕ್ತೀನಿ." ಫೋನ್ ಕೆಳಗಿಟ್ಟು ನನ್ನ ಕಡೆ ತಿರುಗಿದರು: "ಇನ್ನೊಂದ್ಸಲ ನೋಡೋಣ. ಈ ಸಲ ಮಗುನ ಎತ್ಕೊಂಡೇ ಒತ್ತಿ."