ಎರಡನೇ ಗೇರು

ಯಂತ್ರದ ಮೇಲೆ ಮನುಷ್ಯನಿಗಿರುವ ಹಿಡಿತವೇ ನಾಗರಿಕತೆಯ ಬುನಾದಿ. ಇದನ್ನು ಬರೆಯುತ್ತಿರುವವನಿಗೆ ತನ್ನ ಕಾರಿನ ಗಡಿಯಾರ ತಿದ್ದಲು ಬರುವುದಿಲ್ಲ, ಇರಲಿ.

ಮೊನ್ನೆ ಮ್ಯಾಕ್ವೆರಿ ಪಾರ್ಕಿನ ನಮ್ಮ ಆಫೀಸಿನ ಕೆಳಗೆ ಯಾರದೋ ವಾಹನದಿಂದ ಗೇರ್ ಆಯಿಲ್ ಸೋರಿತ್ತು. ಆ ಕಮಟು ವಾಸನೆ ನನ್ನನ್ನು ಮೆಲ್ಬರ್ನಿಗೆ, ಕ್ರೇಗಿಬರ್ನಿನಲ್ಲಿರುವ ಅಕ್ಕನ ಮನೆಯ ಗರಾಜಿಗೆ ಒಯ್ದಿತು. ಅಕ್ಕನ ಗಂಡ, ಅಂದರೆ ಭಾವ, ಉಡುಪಿಯವರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾರೆ. ಮನುಷ್ಯರ ಒಳಗನ್ನು ನೋಡಿ ನೋಡಿ ಬೇಸತ್ತರೋ ಏನೋ, ಗಂಡ ತೀರಿಕೊಂಡ ರೈತ ಅಜ್ಜಿಯೊಬ್ಬಳಿಂದ ಮುದಿ ಟ್ರ್ಯಾಕ್ಟರೊಂದನ್ನು ಕೊಂಡು ತಂದಿದ್ದರು. ಕಾರು ಬೀದಿಯಲ್ಲಿ, ಟ್ರ್ಯಾಕ್ಟರು ಗರಾಜಿನಲ್ಲಿ.

ಅದಕ್ಕೆ ಸ್ಟಾರ್ಟ್ ಮಾಡುವ ಗುಂಡಿ ಇರಲಿಲ್ಲ. ಗೇರ್ ಲಿವರನ್ನೇ ನ್ಯೂಟ್ರಲ್‌ನಿಂದ ಪಕ್ಕಕ್ಕೆ ಒತ್ತಬೇಕು, ಆಗ ಎಂಜಿನ್ ಏಳುತ್ತದೆ. ಗೇರಿನಲ್ಲಿದ್ದರೆ ಏಳದು, ಹಾಗಾಗಿ ಯಾರ ಮೇಲೂ ಹರಿಯದು. ಆದರೆ ಸವೆದ ಲಿವರು ಓಡುವಾಗಲೇ ಗೇರಿನಿಂದ ಜಾರುತ್ತಿತ್ತು. ಆ ವರ್ಷ ನವರಾತ್ರಿಗೆಂದು ಹೋಗಿದ್ದ ನಾನೂ ಭಾವನೂ ಮುಚ್ಚಳ ಬಿಚ್ಚಿ, ಗೇರನ್ನು ಹಿಡಿದು ನಿಲ್ಲಿಸುವ ಸ್ಪ್ರಿಂಗುಗಳನ್ನೂ ಉಕ್ಕಿನ ಗುಂಡುಗಳನ್ನೂ ಬದಲಿಸಿದೆವು. ಈ ಮಹತ್ಕಾರ್ಯದಲ್ಲಿ ನನ್ನ ಪಾಲು ಟಾರ್ಚ್ ಹಿಡಿದದ್ದು.

ಅಷ್ಟಕ್ಕೇ ಬಿಡಬಹುದಿತ್ತು. ಆಯುಧಪೂಜೆಯಂದು ಅಕ್ಕನ ಕೈಯಿಂದಲೇ ಸ್ಟಾರ್ಟ್ ಮಾಡಿಸಬೇಕೆಂದು ಭಾವನ ಆಸೆ. ಲಿವರೋ ಅವಳ ಕೈಗೆ ಬಿಗಿ. ಲಿವರಿನಿಂದ ಆ ಅಧಿಕಾರ ಕಿತ್ತುಕೊಂಡು, ನೆಲದ ಮೇಲೆ ನಿಂತೇ ಒತ್ತುವಂತೆ ಬದಿಯಲ್ಲಿ ಕೆಂಪು ಗುಂಡಿ ಕೂರಿಸಿದರು. ಗೇರಿನಲ್ಲಿದ್ದರೂ ಸರಿ, ಅದನ್ನು ಒತ್ತಿದರೆ ಎಂಜಿನ್ ಏಳುತ್ತಿತ್ತು.

ಮರುದಿನ ಬೆಳಿಗ್ಗೆ, ನ್ಯೂಟ್ರಲ್‌ನಲ್ಲಿ ಬಿಟ್ಟಿದ್ದ ಲಿವರು ಎರಡನೇ ಗೇರಿನಲ್ಲಿತ್ತು.

"ನೀನು ಎಂತಾದ್ರೂ ಮುಟ್ಟಿದ್ಯಾ ಮಾರಾಯ?"

"ಟಾರ್ಚ್ ಬಿಟ್ಟು ಬೇರೇನೂ ಮುಟ್ಟಿಲ್ಲ, ಭಾವ."

ಅದರ ಮರುದಿನವೂ ಹಾಗೆಯೇ. ಮುಚ್ಚಳ ಬಿಚ್ಚಿ ನೋಡಿದರೆ ಹೊಸ ಸ್ಪ್ರಿಂಗುಗಳು ಸರಿಯಾಗಿಯೇ ಇದ್ದವು. ಎರಡೂ ಕೈ ಹಾಕಿ ತಳ್ಳದೆ ಗೇರು ಬೀಳುವಂತಿರಲಿಲ್ಲ. ಅಕ್ಕ ಆ ಅಜ್ಜಿಗೆ ಫೋನ್ ಮಾಡಿ, ಬಿಳಿಚಿದ ಮುಖ ಹೊತ್ತು ಬಂದಳು.

"ಅವಳ ಗಂಡ ದಿನಾ ಎರಡನೇ ಗೇರಲ್ಲೇ ನಿಲ್ಲಿಸ್ತಿದ್ನಂತೆ, ಉರುಳಬಾರ್ದು ಅಂತ. ರೀ, ಮಾರಿಬಿಡಿ ಇದನ್ನ."

"ಸತ್ತವನಿಗೆ ನಮ್ಮ ಅಡ್ರೆಸ್ ಯಾರು ಕೊಟ್ಟದ್ದು ಮಾರಾಯ್ತಿ?" ಎಂದು ಭಾವ ನಕ್ಕರು. ನಾನೂ ನಕ್ಕೆ, ಗರಾಜಿನಿಂದ ಹೊರಗೆ ಬಂದ ಮೇಲೆ.

ಪೂಜೆಯ ದಿನ ಟ್ರ್ಯಾಕ್ಟರಿಗೆ ಸೇವಂತಿಗೆ ಹಾರ, ಚಕ್ರಗಳಡಿ ನಿಂಬೆಹಣ್ಣು. ಭಾವ ಲಿವರನ್ನು ನ್ಯೂಟ್ರಲ್‌ಗೆ ಎಳೆದು, ಅಲ್ಲಾಡಿಸಿ ತೋರಿಸಿ, ಕೆಳಗಿಳಿದರು. ಅಕ್ಕ ದೊಡ್ಡ ಚಕ್ರದ ಮುಂದೆ ನಿಂತು ಗುಂಡಿಯತ್ತ ಕೈ ಚಾಚಿದಳು. ಟ್ರ್ಯಾಕ್ಟರಿನ ಮೇಲೆ ಯಾರೂ ಇರಲಿಲ್ಲ. ಟಕ್ ಎಂದಿತು. ಪಳಗಿದ ಕೈ ಹಾಕಿದ ಗೇರು ಹಾಗೆ ಸದ್ದು ಮಾಡುತ್ತದೆ.

"ಒತ್ಬೇಡ!" ಭಾವ ಅವಳ ರಟ್ಟೆ ಹಿಡಿದು ಈಚೆಗೆ ಎಳೆದರು. ಲಿವರು ಎರಡನೇ ಗೇರಿನಲ್ಲಿತ್ತು.

ಆರತಿ ಆರುವ ಮೊದಲೇ ಭಾವ ಗುಂಡಿಯನ್ನು ಕಿತ್ತು, ಸ್ಟಾರ್ಟ್ ಮಾಡುವ ಕೆಲಸವನ್ನು ಲಿವರಿಗೇ ಮರಳಿಸಿದರು. ಅಂದಿನಿಂದ ಇಂದಿನವರೆಗೆ ಲಿವರು ಬಿಟ್ಟ ಜಾಗದಲ್ಲೇ ಇದೆ.