ಸೀಮೆಸುಣ್ಣದ ಅಂಗೈ

ನಮ್ಮ ಹೆಡ್‌ಮೇಡಂ ಅವರ ಅಂಗೈ ಸದಾ ಬೆವರುತ್ತಿತ್ತು, ಚಳಿಗಾಲದ ಬೆಳಿಗ್ಗೆಯೂ ಕೂಡ. ಸೀಮೆಸುಣ್ಣ ಜಾರೀತೆಂದು ಮೊದಲು ಅದರ ಪುಡಿಯನ್ನೇ ಎರಡೂ ಕೈಗೆ ಸವರಿಕೊಂಡು ಆಮೇಲೆ ಬೋರ್ಡಿನ ಕಡೆ ತಿರುಗುತ್ತಿದ್ದರು. ಅವರು ಬೆನ್ನು ತಟ್ಟಿದ ಮಕ್ಕಳೆಲ್ಲ ಬಿಳಿ ಗುರುತು ಹೊತ್ತು ಮನೆಗೆ ಹೋಗುತ್ತಿದ್ದವು.

ಅಷ್ಟು ಹೆದರುವ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ. ಚಾಮರಾಜನಗರದಿಂದ ನಮ್ಮ ಕಾಡಂಚಿನ ಊರಿಗೆ ಬರುವ ಬಸ್ಸಿನಲ್ಲಿ ಅವರು ಕಿಟಕಿ ಪಕ್ಕ ಕೂರುತ್ತಿರಲಿಲ್ಲ, ಆನೆ ಸೊಂಡಿಲು ಹಾಕಿದರೆ ಏನು ಗತಿ ಎಂದು. ಮೇಲಿನವರ ಫೋನು ಬಂದರೆ ಕುರ್ಚಿ ಬಿಟ್ಟೆದ್ದು ನಿಂತೇ ಮಾತಾಡುತ್ತಿದ್ದರು. ತೆರಕಣಾಂಬಿಯಿಂದ ಅತಿಥಿ ಶಿಕ್ಷಕಿಯಾಗಿ ಹೋಗಿದ್ದ ನನಗೆ ಇದೆಲ್ಲ ತಮಾಷೆ. “ನಗು, ನಗು. ನಿಂಗೂ ಒಂದಿನ ಈ ಕುರ್ಚಿ ಸಿಕ್ತದ ಕಣಮ್ಮಿ, ಆಗ ಗೊತ್ತಾಯ್ತದ” ಎನ್ನುತ್ತಿದ್ದರು.

ಆ ವರ್ಷ ಒಂದು ದೊಡ್ಡ ಪರೀಕ್ಷೆಗೆ ನಮ್ಮ ಶಾಲೆಯೂ ಆಯ್ಕೆಯಾಯಿತು. ಬೇರೆ ಬೇರೆ ದೇಶಗಳ ಮಕ್ಕಳು ಎಷ್ಟು ಕಲಿತಿದ್ದಾರೆಂದು ಹೋಲಿಸಿ ನೋಡುವ ಪರೀಕ್ಷೆಯಂತೆ. ತರಬೇತಿಯಲ್ಲಿ ಗೋಡೆಗೆ ಅಂಟಿಸಲು ಒಂದು ಪೋಸ್ಟರ್ ಕೊಟ್ಟಿದ್ದರು: ಜಗತ್ತಿನ ಪ್ರತಿಯೊಂದು ಮಗುವೂ ಓದಿ ಅರ್ಥ ಮಾಡಿಕೊಳ್ಳುವಂತಾಗಬೇಕು, ಅದೇ ಎಲ್ಲ ದೇಶಗಳ ಗುರಿ. ಮೇಡಂ ಅದನ್ನು ಅಂಟಿಸಿ ಬಹಳ ಹೊತ್ತು ನೋಡಿದರು. “ಪ್ರತಿಯೊಂದು ಅಂದ್ರ, ನಮ್ ಅರಿಸಿನದ ಹುಡುಗೀನೂ ಸೇರ್ತಾಳಾ?” ಎಂದರು.

ಅರಿಶಿನದ ಹುಡುಗಿ ಎಂದರೆ ಕೂಲಿ ಮಾಡುವ ಅಜ್ಜಿಯ ಜೊತೆ ಬೆಳೆಯುತ್ತಿದ್ದವಳು. ಅರಿಶಿನ ಕೀಳುವ ಕಾಲದಲ್ಲಿ ಅರ್ಧ ದಿನ ಶಾಲೆ, ಅರ್ಧ ದಿನ ಹೊಲ. ಏಳನೇ ತರಗತಿಗೆ ಬಂದರೂ ಒಂದು ಸಾಲು ಓದಿ ಮುಗಿಸಲು ಒದ್ದಾಡುತ್ತಿದ್ದಳು. ಯಾರಾದರೂ ಪರೀಕ್ಷಿಸಲು ಬರುವ ದಿನ ಇಂಥ ಮಕ್ಕಳನ್ನು ಮನೆಯಲ್ಲೇ ಇರಿಸುವುದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ನಡೆದುಬಂದ ಪದ್ಧತಿ. ಶಾಲೆಯ ಹಿರಿಯ ಮೇಷ್ಟ್ರು ಈ ಸಲವೂ ಅಜ್ಜಿಗೆ ಹೇಳಿಬಂದಿದ್ದರು. “ಮಾರ್ಕು ಕಮ್ಮಿ ಬಂದ್ರ ಸ್ಕೂಲ್ ಮುಚ್ಚುಬುಡ್ತಾರಂತೆ ಮೇಡಂ. ಆಮೇಲೆ ಈ ಮಕ್ಳು ಕಾಡ್ ದಾರೀಲಿ ಪುಣಜನೂರ್ ಸ್ಕೂಲ್ಗೆ ನಡೀಬೇಕಾಯ್ತದ” ಎಂದರು. ಆ ದಾರಿಯಲ್ಲಿ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ಮೇಡಂ ಮುಖ ಸುಣ್ಣವಾಯಿತು.

ಪರೀಕ್ಷೆಯ ಬೆಳಿಗ್ಗೆ ಹುಡುಗಿಯ ಜಾಗ ಖಾಲಿ ಇತ್ತು. ಮೇಡಂ ಎದ್ದರು, ಕೂತರು, ಮತ್ತೆ ಎದ್ದರು. “ಬಾ ಕಣಮ್ಮಿ, ಓಗಿ ಕರ್ಕಂಡ್ ಬರನ” ಎಂದರು.

ಹೊಲಕ್ಕೆ ಹೋಗಲು, ಕಾಡಾನೆ ದಾಟದಂತೆ ತೋಡಿದ ಕಂದಕದ ಅಂಚಿನಲ್ಲೇ ನಡೆಯಬೇಕು. ಮಂಜು ಇನ್ನೂ ಕರಗಿರಲಿಲ್ಲ. ದಾರಿ ನಡುವೆ ಬಿದ್ದಿದ್ದ ಲದ್ದಿಯಿಂದ ಹಬೆ ಏಳುತ್ತಿತ್ತು. ಮೇಡಂ ನನ್ನ ಮಣಿಕಟ್ಟು ಹಿಡಿದುಕೊಂಡರು. ಅವರ ಕೈ ಒದ್ದೆಯಾಗಿ ತಣ್ಣಗಿತ್ತು. ಆಚೆ ಬಿದಿರು ಮೆಳೆಯಲ್ಲಿ ಏನೋ ಲಟಕ್ಕನೆ ಮುರಿಯಿತು. ನಾವಿಬ್ಬರೂ ಉಸಿರು ಬಿಡದೆ ನಿಂತೆವು. ಮೇಡಂ ಭಯ ಕಂಡು ನಗುತ್ತಿದ್ದ ನಾನು ಈಗ ಅವರಿಗೇ ಅಂಟಿಕೊಂಡೆ.

“ವಾಪಸ್ ಹೋಗೋಣ ಮೇಡಂ. ಮೇಷ್ಟ್ರು ಹೇಳಿದಂಗೇ ಆಗ್ಲಿ” ಎಂದೆ.

“ನಂಗೂ ಎದ್ರಿಕೆನೇ ಕಣಮ್ಮಿ” ಎಂದು ಪಿಸುಗುಟ್ಟಿದರು. “ಆದ್ರ ಇವತ್ತು ಅವಳ್ನ ಬಚ್ಚಿಟ್ಬುಟ್ರೆ, ಅವಳು ಈ ಜಗತ್ತಲ್ಲೇ ಇಲ್ಲ ಅಂತ ನಾವೇ ಬರ್ಕೊಟ್ಟಂಗಾಯ್ತದ.”

ಅಷ್ಟು ಹೇಳಿ ನನ್ನನ್ನೇ ಎಳೆದುಕೊಂಡು ಮುಂದೆ ನಡೆದರು.

“ಮೇಷ್ಟ್ರೇ ಬ್ಯಾಡ ಅಂದ್ರಲ್ಲವ್ವ” ಎಂದು ಹೊಲದಲ್ಲಿದ್ದ ಅಜ್ಜಿ ಗಾಬರಿಯಾದಳು. ಮೇಡಂ ಹುಡುಗಿಯ ಮಣ್ಣುಗೈ ಹಿಡಿದು ಹೊರಟೇಬಿಟ್ಟರು.

ಎಷ್ಟು ತೊಳೆದರೂ ಅವಳ ಬೆರಳಿನ ಅರಿಶಿನ ಹೋಗಲಿಲ್ಲ. ಉತ್ತರದ ಹಾಳೆಯ ತುಂಬ ಹಳದಿ ಬೆರಳಚ್ಚು. ಪರೀಕ್ಷೆ ನಡೆಸಲು ಹೊರಗಿನಿಂದ ಬಂದಿದ್ದವರು ಹಾಳೆ ಎತ್ತಿ ಬೆಳಕಿಗೆ ಹಿಡಿದಾಗ, ಬಾಗಿಲಲ್ಲಿ ನಿಂತಿದ್ದ ಮೇಡಂ ಗೋಡೆ ಹಿಡಿದುಕೊಂಡರು. ಬಂದವರು ಹಾಳೆಯನ್ನು ಉಳಿದವುಗಳ ಜೊತೆ ಇಟ್ಟರು. ಹುಡುಗಿ ಅರ್ಧಕ್ಕರ್ಧ ಪ್ರಶ್ನೆ ಬಿಟ್ಟಿದ್ದಳೆಂದು ಆಮೇಲೆ ಅವಳೇ ಹೇಳಿದಳು.

ಆಮೇಲೆ ಫಲಿತಾಂಶಕ್ಕೆ ಕಾಯುವ ದಿನಗಳು. ಫೋನು ಸದ್ದು ಮಾಡಿದರೆ ಸಾಕು, ಮೇಡಂ ನನ್ನ ಮುಖ ನೋಡುತ್ತಿದ್ದರು. ಕೊನೆಗೂ ಫಲಿತಾಂಶ ಬಂದಾಗ ಅದರಲ್ಲಿ ದೇಶಗಳ ಹೆಸರು ಬಿಟ್ಟರೆ ನಮ್ಮ ಶಾಲೆಯ ಸುಳಿವೇ ಇರಲಿಲ್ಲ. ಮೇಷ್ಟ್ರು ನಿರಾಳವಾಗಿ ನಕ್ಕರು. ಮೇಡಂ ನಂಬಲಿಲ್ಲ. ಹಿಂದಿನಿಂದ ಬೇರೆ ಪಟ್ಟಿ ಬರುತ್ತದೆಂಬ ಭಯದಲ್ಲೇ ನಿವೃತ್ತರಾದರು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಅವರನ್ನು ಕೊನೆಯ ಸಲ ಮಾತಾಡಿಸಿದೆ.

“ಸ್ಕೂಲು ಇನ್ನೂ ಅದಾ?”

“ಅದೆ ಮೇಡಂ.”

“ಆ ಹುಡುಗಿ?”

“ಹೈಸ್ಕೂಲಿಗೆ ಹೋಯ್ತಾವ್ಳೆ. ತಡವರಿಸ್ತಾಳೆ, ಆದ್ರೂ ಓದ್ತಾಳೆ.”

ಕಣ್ಣು ಮುಚ್ಚಿಕೊಂಡರು. ಕೆಲವು ದಿನಗಳ ಮೇಲೆ ಸಾವಿನ ಸುದ್ದಿ ತಿಳಿದು ಮನೆಗೆ ಹೋದಾಗ ಅವರ ಕೈ ಮುಟ್ಟಿದೆ. ಒಣಗಿತ್ತು. ಅಷ್ಟು ವರ್ಷಗಳಲ್ಲಿ ಆ ಕೈ ಒಣಗಿದ್ದನ್ನು ನಾನು ನೋಡಿರಲೇ ಇಲ್ಲ. ಆಗ ನನಗೆ ಅಳು ಬಂತು.

ಆಮೇಲೆ ನಾನು ಕಾಯಂ ಶಿಕ್ಷಕಿಯಾದೆ, ಈಗ ಆ ಕುರ್ಚಿ ನನ್ನದು. ನಮ್ಮ ಶಾಲೆ ಮತ್ತೆ ಅಂಥದೇ ಪರೀಕ್ಷೆಗೆ ಆಯ್ಕೆಯಾಗಿದೆ ಎಂದು ಕೆಲವು ತಿಂಗಳ ಹಿಂದೆ ಫೋನು ಬಂತು. ನಾನು ಎದ್ದು ನಿಂತೇ ಮಾತಾಡಿದೆ. ಪರೀಕ್ಷೆಯ ಬೆಳಿಗ್ಗೆ ತರಗತಿಗೆ ಹೋದರೆ ಹಿಂದಿನ ಸಾಲಿನಲ್ಲಿ ಒಂದು ಜಾಗ ಖಾಲಿ. ನನ್ನ ಅಂಗೈ ಒದ್ದೆಯಾಗಿತ್ತು. ಸೀಮೆಸುಣ್ಣದ ಪುಡಿ ಸವರಿಕೊಂಡು, ಕಂದಕದ ದಾರಿ ಹಿಡಿದೆ.