ಫಾಂಟ್ ಹೋಗಿದೆ ಎಂದುಕೊಂಡ ದಿನ

ಕಡೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಟೈಪಿಸ್ಟ್. ಕನ್ನಡ ಟೈಪ್ ಮಾಡುವವರಿಗೆಲ್ಲ ಒಂದು ಕಾಟ ಗೊತ್ತು: ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಚೆಂದದ ಕನ್ನಡವೆಲ್ಲ ಸೊಟ್ಟಪಟ್ಟ ಗುರುತುಗಳಾಗಿ ಕಾಣುತ್ತದೆ. ಫಾಂಟ್ ಹಾಕಿದರೆ ಸರಿಹೋಗುತ್ತದೆ. ಅದಕ್ಕೇ ಆ ಬೆಳಿಗ್ಗೆ ಮೇಷ್ಟರ ಪುಸ್ತಕ ಹಾಗೆ ಕಂಡಾಗ ನಾನು ಹೆದರಲೇ ಇಲ್ಲ.

ಮೇಷ್ಟರು ಸಿಂಗಟಗೆರೆ ಕಡೆಯವರು, ರಿಟೈರಾದವರು. ಹೊಲ, ಕೆರೆ, ದನಕರುಗಳ ಬಗ್ಗೆ ನಮ್ಮ ಸೀಮೆಯವರು ಆಡುವ ಮಾತುಗಳನ್ನು ಊರೂರು ತಿರುಗಿ ಕೂಡಿಸಿದ್ದರು. ವಾರಕ್ಕೊಮ್ಮೆ ಹಾಳೆ ಹಿಡಿದು ಬಸ್ಸಿನಲ್ಲಿ ಬಂದು, ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುವರು. ಟೈಪ್ ಮಾಡಿ ಮುಗಿದ ಕೈಬರಹದ ಹಾಳೆಯನ್ನು ಮೆಷಿನ್ ಒರೆಸಲು ತಾವೇ ಕೊಟ್ಟುಬಿಡುವರು. "ಆ ಕಾಗೆ ಕಾಲು ಗುಬ್ಬಿ ಕಾಲು ಇಟ್ಕೊಂಡು ಏನ್ಮಾಡ್ಲಿ? ಕಂಪ್ಯೂಟರಲ್ಲಿ ಐತಲ್ಲ, ಬಿಡಮ್ಮ" ಎನ್ನುವರು. ಹೀಗೆ ಅವರ ಎರಡು ವರ್ಷದ ಕೆಲಸ ಪೂರ್ತಿ ನನ್ನ ಕೈಗೆ ಬಂದಿತ್ತು.

ಫಾಂಟ್ ಮತ್ತೆ ಹಾಕಿದೆ. ಸರಿಹೋಗಲಿಲ್ಲ. ಬೇರೆ ಫಾಂಟುಗಳಿದ್ದ ಪೆನ್‌ಡ್ರೈವ್ ಚುಚ್ಚಿದೆ. ಪುಸ್ತಕದ ಇನ್ನೊಂದು ಪ್ರತಿ ಇದ್ದದ್ದೂ ಅದರಲ್ಲೇ! ನೋಡನೋಡುತ್ತ ಅದೂ ಸೊಟ್ಟಗಾಯಿತು. ಮಧ್ಯಾಹ್ನ ತರೀಕೆರೆಯಿಂದ ಬಂದ ರಿಪೇರಿಯವನು, ಸ್ಕ್ರೀನಿನಲ್ಲಿ ನಾನು ಜಾಹೀರಾತೆಂದು ಮುಚ್ಚಿದ್ದ ಇಂಗ್ಲಿಷ್ ಚೀಟಿಯೊಂದನ್ನು ತೆರೆದು ಓದಿದ.

"ಇದು ಫಾಂಟಲ್ಲ ಕಣಕ್ಕ, ರ‍್ಯಾನ್ಸಮ್‌ವೇರ್. ಫೈಲಿಗೆಲ್ಲ ಬೀಗ ಹಾಕಿ ದುಡ್ಡು ಕೇಳ್ತಾವ್ರೆ. ಮೊದ್ಲು ದೊಡ್ಡ ದೊಡ್ಡ ಕಂಪ್ನಿಗೇ ಬೀಳೋರು. ಈಗ ಆಸ್ಪತ್ರೆ, ಸ್ಕೂಲು, ಇಂಥ ಪ್ರೆಸ್ಸು, ಯಾವ್ದನ್ನೂ ಬಿಡಲ್ಲ. ಕೊಟ್ರೂ ಬೀಗ ತೆಗೀತಾರೆ ಅನ್ನೋ ಗ್ಯಾರಂಟಿ ಇಲ್ಲ."

ಹಿಂದಿನ ದಿನ ಪೇಪರ್ ಅಂಗಡಿಯ ಬಿಲ್ಲಿನ ವೇಷದಲ್ಲಿ ಬಂದಿದ್ದ ಮೇಲನ್ನು ತೆರೆದ ಪುಣ್ಯಾತ್ಗಿತ್ತಿ ನಾನೇ. ಪ್ರೆಸ್ಸಿನ ಯಜಮಾನರು ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. "ಅಜ್ಜಂಪುರದೋರ ಲಗ್ನಪತ್ರಿಕೆ ಮತ್ತೆ ಹೊಡ್ಕೋಬೋದು ಕಣವ್ವ. ಮೇಷ್ಟ್ರಿಗೆ ಏನ್ ಹೇಳಾನ?" ಎಂದರಷ್ಟೇ. ಬೈದಿದ್ದರೇ ವಾಸಿಯಿತ್ತು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಮಾರನೇ ದಿನ ಮೇಷ್ಟರ ಮನೆಗೇ ಹೋದೆ. ಅವರು ಕೊಟ್ಟ ಮಜ್ಜಿಗೆ ಲೋಟ ಹಿಡಿದುಕೊಂಡೇ ಎಲ್ಲ ಹೇಳಿದೆ. ಹೇಳಿ ಮುಗಿಸುವ ಮೊದಲೇ ಅಳು ಬಂದಿತ್ತು.

"ಪೂರ್ತಿ ಹೋಯ್ತಾ?" ಎಂದರು. ಅವರ ಮುಖ ಸಣ್ಣದಾದದ್ದು ನಾನು ಇವತ್ತಿಗೂ ಮರೆತಿಲ್ಲ. ಊರೂರಲ್ಲಿ ಅವರಿಗೆ ಆ ಮಾತುಗಳನ್ನು ಹೇಳಿದ್ದ ಮುದುಕರಲ್ಲಿ ಎಷ್ಟೋ ಜನ ಆಗಲೇ ತೀರಿಹೋಗಿದ್ದರು. ಮತ್ತೆ ಹೋಗಿ ಕೇಳುವಂತಿರಲಿಲ್ಲ.

ಮೇಷ್ಟರು ಎದ್ದು ಒಳಗೆ ಹೋಗಿ ಒಂದು ರಟ್ಟಿನ ಡಬ್ಬ ಎತ್ತಿಕೊಂಡು ಬಂದರು. ಅದರ ತುಂಬ ಮೊದಲ ಪ್ರೂಫುಗಳು, ತಪ್ಪು ನೋಡಲೆಂದು ನಾನು ಪ್ರಿಂಟ್ ತೆಗೆದು ಕೊಡುತ್ತಿದ್ದವು. ನನ್ನ ಟೈಪಿಂಗಿನ ಒಂದೊಂದು ತಪ್ಪನ್ನೂ ಕೆಂಪು ಇಂಕಿನಲ್ಲಿ ತಿದ್ದಿದ್ದ ಹಾಳೆಗಳು, ಪುಸ್ತಕದ ಮೊದಲ ಪುಟದಿಂದ ಕೊನೆಯ ಪುಟದವರೆಗೆ. ನನ್ನ ಮಾನ ಹೋಗುತ್ತದೆಂದು, ತಿದ್ದಿಕೊಂಡ ಮೇಲೆ ಎಸೆಯಿರಿ ಎಂದು ನಾನೇ ಎಷ್ಟೋ ಸಲ ಹೇಳಿದ್ದೆ.

"ಎಸೀಲಿಲ್ವಾ ಸಾರ್?" ಎಂದೆ.

"ರಿಟೈರಾದ್ಮೇಲೆ ತಿದ್ದೋಕೆ ಸಿಕ್ಕ ಒಬ್ಳೇ ಶಿಷ್ಯೆ ನೀನು" ಎಂದರು. "ಹೆಂಗಮ್ಮ ಎಸೀಲಿ?"